ಹಿಡಿದ ಬೋಲ್ಟು, ನೆನೆದ ಅವರೆ

ಚಳಿಗಾಲ ಬಂತೆಂದರೆ ಬೆಂಗಳೂರಿನ ವಿಶ್ವೇಶ್ವರಪುರಂನ ಸಜ್ಜನರಾವ್ ವೃತ್ತದ ಸುತ್ತ ಅವರೆಯದೇ ಘಮಲು. ಹಿತಕಿದಬೇಳೆ ಮಾಡುವವರಿಗೆ ಒಂದು ಗುಟ್ಟು ಗೊತ್ತು. ಕಾಳನ್ನು ರಾತ್ರಿಯಿಡೀ ನೆನೆಹಾಕಿದರೆ ಬೆಳಿಗ್ಗೆ ಎರಡು ಬೆರಳ ನಡುವೆ ಒತ್ತಿದ್ದೇ ತಡ, ಬೇಳೆ ಚಿಮ್ಮುತ್ತದೆ. ನೆನೆಯದ ಕಾಳನ್ನು ಹಿಸುಕಿದರೆ ನೋಯುವುದು ಬೆರಳು, ಬಿಡುವುದಿಲ್ಲ ಸಿಪ್ಪೆ. ಅಲ್ಲಿಗೆ ಹತ್ತಿರದಲ್ಲೇ ಮಿನರ್ವ ವೃತ್ತ. ಅದರಾಚೆ ಪುರಭವನದ ತನಕ ಜೆ.ಸಿ. ರಸ್ತೆ, ಉದ್ದಕ್ಕೂ ಗಾಡಿ ಬಿಡಿಭಾಗದ ಅಂಗಡಿಗಳು. ಹಳೇ ಕಾರಿನ ಮುಂಗಾಲಲ್ಲಿ ತುಕ್ಕು ಹಿಡಿದು ಕೂತ ಬೋಲ್ಟನ್ನು ಬಿಡಿಸುವ ಮೇಸ್ತ್ರಿಯ ಗುಟ್ಟೂ ಅವರೆಕಾಳಿನದೇ.

ಮೂರು ಊರಿನ ಮೂರು ಕಾರು

ವಿಶ್ವೇಶ್ವರಪುರಂಗೆ ಹೆಸರು ಕೊಟ್ಟ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲೊಂದು ಕಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿ ಬಹಳ ಓಡಾಡಿದರು. ಅದು ಇಲ್ಲಿ ಕೈಗೂಡಲಿಲ್ಲ. ಆ ಯತ್ನದಲ್ಲಿ ಜೊತೆಗಿದ್ದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಫಿಯಟ್ 1100 ಬಂದದ್ದು, ಅದೇ ಮುಂದೆ ಪದ್ಮಿನಿಯಾದದ್ದು ಅಲ್ಲಿಂದ. ಅಂಬಾಸಡರ್ ಬಂಗಾಳದ ಉತ್ತರಪಾರಾದ್ದು. ಸ್ಟ್ಯಾಂಡರ್ಡ್ ಹೆರಾಲ್ಡ್ ಮದರಾಸಿನದು, 1961ರಿಂದ 1971ರವರೆಗೆ ತಯಾರಾದ ಕಾರು. ಆ ಕಾಲದ ಬೆಂಗಳೂರು ಇವ್ಯಾವುದನ್ನೂ ಹೆರಲಿಲ್ಲ, ಎಲ್ಲವನ್ನೂ ಸಾಕಿತು. ಹಳೇ ಮನೆಯ ಪೋರ್ಟಿಕೋದಲ್ಲಿ ಟಾರ್ಪಾಲು ಹೊದ್ದು ವರ್ಷಗಟ್ಟಲೆ ನಿಂತ ಕಾರು ಇವುಗಳಲ್ಲೊಂದಾಗಿದ್ದರೆ, ಅದರ ಎಂಜಿನ್ನು ಒಂದು ವೇಳೆ ಬೇಗ ಮಾತು ಕೇಳೀತು. ಮುಂದಿನ ಸಸ್ಪೆನ್ಷನ್ ಕೇಳುವುದಿಲ್ಲ.

ಹಿಡಿಯುವುದು ಏಕೆ?

ಮುಂದಿನ ಚಕ್ರಕ್ಕೆ ಎರಡು ಕೆಲಸ: ಹಳ್ಳ ದಿಣ್ಣೆಗೆ ಮೇಲೆ ಕೆಳಗೆ ಆಡಬೇಕು, ಸ್ಟಿಯರಿಂಗ್ ಹೇಳಿದತ್ತ ತಿರುಗಲೂಬೇಕು. ಹಾಗಾಗಿ ಅಲ್ಲಿ ಕೀಲುಗಳು ಹೆಚ್ಚು. ಪ್ರತಿ ಕೀಲಿನಲ್ಲೂ ಒಂದು ಪಿನ್ನು, ಅದರ ಸುತ್ತ ಬುಷ್ಷು, ನಡುವೆ ಕೂದಲೆಳೆಯಷ್ಟು ಸಂದು. ಗ್ರೀಸು ಒಣಗಿದಾಗ ಆ ಸಂದಿಗೆ ಮಳೆನೀರು ಇಳಿಯುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿದ್ದುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಸಂದಿನಲ್ಲಿ ಅಷ್ಟು ಜಾಗವೆಲ್ಲಿ? ತುಕ್ಕು ಎರಡೂ ಕಡೆ ಒತ್ತಿ, ಬೆಣೆ ಬಡಿದಂತೆ ಪಿನ್ನನ್ನು ಬಿಗಿದುಬಿಡುತ್ತದೆ. ಗ್ಯಾರೇಜಿನವರು ‘ಹಿಡ್ಕೊಂಡ್‌ಬಿಟ್ಟಿದೆ’ ಎನ್ನುವುದು ಇದಕ್ಕೆ.

ಆಗ ಬರುವ ಮೊದಲ ಯೋಚನೆ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸುವುದು. ಒಂದಡಿಯ ಸ್ಪ್ಯಾನರು ಮೂರಡಿಯಾದರೆ ತಿರುಚುವ ಬಲವೂ ಮೂರು ಪಟ್ಟು. ಆದರೆ ಆ ಬಲಕ್ಕೆ ತುಕ್ಕು ಬಿಡುತ್ತದೋ ಬೋಲ್ಟಿನ ಕತ್ತು ಮುರಿಯುತ್ತದೋ ಎಂಬುದು ನಮ್ಮ ಕೈಲಿಲ್ಲ.

ಹೆರಾಲ್ಡಿನ ಹಿತ್ತಾಳೆ ಗಟ್ಟಿ

ಉದಾಹರಣೆಗೆ, ಹೆರಾಲ್ಡಿನ ಮುಂಚಕ್ರದ ಒಳಗೆ ಒಂದು ಉಕ್ಕಿನ ಕಂಬ. ಅದರ ಕೆಳತುದಿಯಲ್ಲಿ ತಿರುಪಿನ ಮರೆ (ಥ್ರೆಡ್) ಕೊರೆದಿದೆ. ಆ ಮರೆ ಟ್ರನಿಯನ್ ಎಂಬ ಹಿತ್ತಾಳೆ ಬಣ್ಣದ ಗಟ್ಟಿಯೊಳಗೆ ಕೂರುತ್ತದೆ. ಸ್ಟಿಯರಿಂಗ್ ತಿರುಗಿಸಿದಂತೆ ಕಂಬ ಅದರಲ್ಲೇ ತಿರುಗುತ್ತದೆ. ಟ್ರನಿಯನ್ನಿಗೆ ಅಡ್ಡಲಾಗಿ ಉಕ್ಕಿನ ಕೊಳವೆ, ಎರಡು ನೈಲಾನ್ ಬುಷ್ಷು. ಕೊಳವೆಯೊಳಗೆ ತೂರಿದ ಉದ್ದನೆಯ ಬೋಲ್ಟು ಎಲ್ಲವನ್ನೂ ಸಸ್ಪೆನ್ಷನ್ನಿನ ಕೆಳತೋಳಿಗೆ ಸೇರಿಸುತ್ತದೆ. ಹಿಡಿಯುವುದು ಈ ಬೋಲ್ಟೇ, ಆ ಕೊಳವೆಯೊಳಗೇ.

ಇದು ಮೋಸ ಮಾಡುವ ಬೋಲ್ಟು. ನಟ್ಟು ಸಲೀಸಾಗಿ ಬರುತ್ತದೆ, ಸ್ಪ್ಯಾನರ್ ಹಾಕಿದರೆ ತಲೆಯೂ ತಿರುಗುತ್ತದೆ. ಬಿಡ್ತು ಎಂದು ಹಿಗ್ಗಿ ಬಡಿದರೆ ಕೂದಲಷ್ಟೂ ಹೊರಗೆ ಬರದು. ತಿರುಗುತ್ತಿರುವುದು ಬರೀ ಬೋಲ್ಟಲ್ಲ, ಬೋಲ್ಟೂ ಕೊಳವೆಯೂ ಒಂದಾಗಿ ನೈಲಾನಿನೊಳಗೆ ಸುತ್ತುತ್ತಿವೆ.

ನೆನೆಸು, ತಟ್ಟು, ಕಾಯಿಸು, ಕೊಯ್ಯಿ

ಕೈ ಹಾಕುವ ಮುನ್ನ ಒಂದು ಎಚ್ಚರ. ಕಾರನ್ನು ಬರೀ ಜಾಕಿನ ಮೇಲೆ ನಿಲ್ಲಿಸಬಾರದು, ಗಟ್ಟಿ ಸ್ಟ್ಯಾಂಡ್ ಬೇಕು. ಪದ್ಮಿನಿಯ ಕಾಯಿಲ್ ಸ್ಪ್ರಿಂಗಿನಲ್ಲೂ ಅಂಬಾಸಡರಿನ ಟಾರ್ಷನ್ ಬಾರಿನಲ್ಲೂ ಕಾರಿನ ಮುಂಭಾಗದ ಭಾರವೆಲ್ಲ ಅದುಮಿ ಕೂತಿರುತ್ತದೆ. ಅದನ್ನು ಹತೋಟಿಗೆ ತಂದುಕೊಳ್ಳದೆ ಕೀಲು ಬಿಚ್ಚಿದರೆ ಕೈಕಾಲು ಹೋದೀತು.

ಮೊದಲ ದಿನ ತಂತಿ ಬ್ರಷ್ಷಿನಿಂದ ಮಣ್ಣು ಕೆರೆದು, ಬೋಲ್ಟಿನ ಎರಡು ತುದಿಗೂ ತುಕ್ಕು ಬಿಡಿಸುವ ಎಣ್ಣೆ ಬಿಡಬೇಕು. ತೆಳು ಎಣ್ಣೆ ಸಂದಿನೊಳಗೆ ತಾನಾಗಿ ಏರುತ್ತದೆ, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ. ಆದರೆ ನಿಧಾನವಾಗಿ. ‘ಎಣ್ಣೆ ಬಿಟ್ಟಿದೀನಿ ಸಾರ್, ನಾಳೆ ನೋಡೋಣ’ ಎನ್ನುವ ಮೇಸ್ತ್ರಿ ಕೆಲಸ ತಪ್ಪಿಸಿಕೊಳ್ಳುತ್ತಿಲ್ಲ. ಎರಡು ಮೂರು ದಿನ, ಬೆಳಿಗ್ಗೆ ಸಂಜೆ ಎಣ್ಣೆ; ನಡುನಡುವೆ ಸುತ್ತಿಗೆಯ ಸಣ್ಣ ಪೆಟ್ಟು. ಆ ನಡುಕಕ್ಕೆ ತುಕ್ಕಿನ ಪದರ ಬಿರಿಯುತ್ತದೆ, ಬಿರುಕಿನೊಳಗೆ ಎಣ್ಣೆ ಇನ್ನಷ್ಟು ಇಳಿಯುತ್ತದೆ. ಬಡಿಯುವಾಗ ನಟ್ಟನ್ನು ಬೋಲ್ಟಿನ ತುದಿಗೆ ಸಮವಾಗಿ ಕೂರಿಸಿರಬೇಕು, ಇಲ್ಲವಾದರೆ ಮರೆ ಚಪ್ಪಟೆಯಾಗುತ್ತದೆ. ಬಿಚ್ಚುವ ಮುನ್ನ ಕೊಂಚ ಬಿಗಿಯುವ ಕಡೆಗೆ ತಿರುಗಿಸಿ ನೋಡುವುದೂ ಒಳ್ಳೆಯ ರೂಢಿ.

ಉಕ್ಕಿನೊಳಗೆ ಉಕ್ಕು ಹಿಡಿದ ಕಡೆ, ಚಕ್ರ ತಿರುಗುವ ಕೀಲಿನ ಕಿಂಗ್‌ಪಿನ್ನಿನಂಥದ್ದಕ್ಕೆ, ಬಿಸಿ ಕೆಲಸ ಮಾಡುತ್ತದೆ. ಕಾಯಿಸಬೇಕಾದ್ದು ಹೊರಗಿನ ಭಾಗವನ್ನು. 20 ಮಿಲಿಮೀಟರ್ ತೂತಿನ ಉಕ್ಕು 200 ಡಿಗ್ರಿಯಷ್ಟು ಬಿಸಿ ಏರಿದರೆ ತೂತು ಹಿಗ್ಗುವುದು ಸುಮಾರು 0.05 ಮಿಲಿಮೀಟರ್. ತುಕ್ಕಿನ ಹಿಡಿತ ಸಡಿಲಲು ಅನೇಕ ಸಲ ಅಷ್ಟೇ ಸಾಕು. ಕೆಂಪಗೆ ಕಾಯಿಸಿದರೆ ಹದ ಮಾಡಿದ ಉಕ್ಕಿನ ಗಟ್ಟಿತನವೇ ಹೋಗುತ್ತದೆ. ಎಣ್ಣೆ ಒರೆಸದೆ ಬೆಂಕಿ ತರಬಾರದು, ಬ್ರೇಕಿನ ರಬ್ಬರ್ ಪೈಪನ್ನು ಮರೆಯಬಾರದು.

ಹೆರಾಲ್ಡಿನ ಕೊಳವೆಯ ಸುತ್ತ ನೈಲಾನ್ ಇರುವುದರಿಂದ ಅಲ್ಲಿ ಬೆಂಕಿಯ ಆಟ ಹೆಚ್ಚು ನಡೆಯದು. ಮೂರು ದಿನಕ್ಕೂ ಜಗ್ಗದಿದ್ದರೆ ಗರಗಸವೇ ಗತಿ. ಟ್ರನಿಯನ್ನಿಗೂ ತೋಳಿಗೂ ನಡುವಿನ ಕಿರುಜಾಗದಲ್ಲಿ ಹ್ಯಾಕ್ಸಾ ಫ್ರೇಮು ತೂರುವುದಿಲ್ಲ. ಬರೀ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ಆ ಕಡೆ ಒಂದು, ಈ ಕಡೆ ಒಂದು ಕೊಯ್ಯಬೇಕು. ಹೋಗುವುದು ಬೋಲ್ಟು, ಬುಷ್ಷು. ಉಳಿಯುವುದು ತೋಳು, ಕಂಬ. ಇದು ಸೋಲಲ್ಲ, ಸೋವಿಯದನ್ನು ಕೊಟ್ಟು ದುಬಾರಿಯದನ್ನು ಉಳಿಸಿಕೊಂಡ ಲೆಕ್ಕ.

ಮತ್ತೆ ಹಿಡಿಯದ ಹಾಗೆ

ಬಿಚ್ಚಿದ ಮೇಲೆ ಕಂಬದ ಮರೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಟ್ರನಿಯನ್ನಿನೊಳಗೆ ನಿಂತ ನೀರು ಉಕ್ಕನ್ನು ಅಲ್ಲೇ ತಿನ್ನುತ್ತದೆ. ಅಲ್ಲಿ ತುಕ್ಕಿನ ಗುಳಿಗಳಿದ್ದರೆ ಕಂಬ ಬದಲಿಸಲೇಬೇಕು. ಇಲ್ಲವಾದರೆ ಮುಂದೊಂದು ದಿನ ಕಾರು ನಿಲ್ಲಿಸಲು ಸ್ಟಿಯರಿಂಗ್ ಪೂರ್ತಿ ತಿರುಗಿಸುವಾಗ ಅದು ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಒಂದು ಬದಿಯ ಟ್ರನಿಯನ್ನಿನದು ಬಲಮರೆ, ಇನ್ನೊಂದರದು ಎಡಮರೆ, ಅದಲು ಬದಲಾಗಬಾರದು. ಹೊಸ ಬೋಲ್ಟಿಗೆ ಗ್ರೀಸು ಬಳಿದೇ ತೂರಿಸಬೇಕು.

ಟ್ರನಿಯನ್ನಿನ ಮರೆಗೆ ಮಾತ್ರ ಗ್ರೀಸು ಬೇಡ. ತಯಾರಕರು ಹೇಳಿದ್ದು 90ರ ಗೇರ್ ಎಣ್ಣೆ. ಗ್ರೀಸು ಮೇಲೇ ಗಟ್ಟಿಯಾಗಿ ದಾರಿ ಕಟ್ಟುತ್ತದೆ. ಎಣ್ಣೆ ಮರೆಯ ಸುತ್ತಿನಲ್ಲಿ ಇಳಿದು ನೀರನ್ನು ಹೊರದೂಡುತ್ತದೆ. ಎಣ್ಣೆ ತುಂಬುವ ನಿಪ್ಪಲ್ಲು ಕಂಡ ಕೈ ಅಭ್ಯಾಸಬಲದಿಂದ ಗ್ರೀಸ್ ಗನ್ನಿಗೇ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಗನ್ನಿನಲ್ಲಿ ಗ್ರೀಸಿನ ಬದಲು ಎಣ್ಣೆ ತುಂಬಿ, ಮೇಲಿನ ಸಂದಿನಲ್ಲಿ ಹೊಸ ಎಣ್ಣೆ ಜಿನುಗುವ ತನಕ ಒತ್ತಿ. ಐದು ನಿಮಿಷದ ಕೆಲಸ. ಮಾಡದಿದ್ದರೆ ಮೂರು ದಿನದ್ದು.