ನಕ್ಷೆಗೆ ಸೇರದ ಊರುಗಳು: ಬೀದರ್ ಗಡಿ ಗುಡ್ಡದ ತಾಂಡಾಗಳಿಗೆ ದಾಖಲೆ ಬಂದ ಬಗೆ

ಬೀದರ್: ರಾಜ್ಯದ ನಕ್ಷೆಯ ನೆತ್ತಿಯಲ್ಲಿರುವ ಬೀದರ್ ಎಂದರೆ ಹೊರಗಿನವರಿಗೆ ನೆನಪಾಗುವುದು ಬಹಮನಿ ಸುಲ್ತಾನರ ಕೋಟೆ, ಮಹಮೂದ್ ಗವಾನ್ ಮದರಸಾ, ಗುರುನಾನಕ್ ಝೀರಾ ಮತ್ತು ಬಿದ್ರಿ ಕಲೆ. ಈ ನಗರದಿಂದ ಉತ್ತರಕ್ಕೆ ಮಾಂಜ್ರಾ ನದಿಯನ್ನು ದಾಟಿ ಸುಮಾರು 40 ಕಿ.ಮೀ. ಸಾಗಿದರೆ ಔರಾದ್ ಸಿಗುತ್ತದೆ. ಅದರಾಚೆಗೆ ಮಹಾರಾಷ್ಟ್ರ ಹಾಗೂ ತೆಲಂಗಾಣದ ಗಡಿ. ಈ ಗಡಿಯ ಗುಡ್ಡಗಳ ಮೇಲೆ, ಮುಖ್ಯರಸ್ತೆಯಿಂದ ಒಳಗೆ, ಲಂಬಾಣಿ ತಾಂಡಾಗಳು ಹರಡಿಕೊಂಡಿವೆ. ಅಲ್ಲಿ ಜನರಿದ್ದಾರೆ, ಮನೆಗಳಿವೆ, ಮತದಾರರ ಪಟ್ಟಿಯಲ್ಲಿ ಹೆಸರುಗಳಿವೆ. ಆದರೆ ಇಂತಹ ಅನೇಕ ಊರುಗಳು ದಶಕಗಳ ಕಾಲ ಕಂದಾಯ ದಾಖಲೆಯಲ್ಲಿ ಊರುಗಳೇ ಆಗಿರಲಿಲ್ಲ.

ಜಿಲ್ಲೆಯಲ್ಲಿ ಔರಾದ್ ಎಂಬ ಹೆಸರಿನ ಊರು ಒಂದಕ್ಕಿಂತ ಹೆಚ್ಚಿರುವುದರಿಂದ ಕಡತಗಳಲ್ಲಿ ಔರಾದ್ (ಬಿ), ಔರಾದ್ (ಎಸ್) ಎಂದು ಒಂದೊಂದು ಅಕ್ಷರ ಸೇರಿಸಿ ಗುರುತಿಸುವ ಪದ್ಧತಿಯಿದೆ. ದಾಖಲೆ ಇರುವ ಊರಿಗೆ ಗೊಂದಲ ತಪ್ಪಿಸಲು ಇಷ್ಟು ಎಚ್ಚರ ವಹಿಸಲಾಗುತ್ತದೆ. ತಾಂಡಾಗಳದ್ದು ಬೇರೆಯೇ ಪಾಡು. ಬಹುತೇಕ ತಾಂಡಾಗಳು ಹಿಂದೆ ನೆಲೆ ಊರಿದ ನಾಯಕನ ಹೆಸರಿನಿಂದ ಕರೆಯಲ್ಪಡುತ್ತವೆ. ಕಡತದಲ್ಲಿ ಅವು ಸಮೀಪದ ದೊಡ್ಡ ಗ್ರಾಮದ ಯಾವುದೋ ಸರ್ವೆ ನಂಬರಿನೊಳಗಿನ ಹೊಲ ಅಥವಾ ಗಾಯರಾಣವಾಗಿ ಉಳಿದಿದ್ದವು.

ಎತ್ತರದ ನೆಲ, ಆಳದ ನೀರು

ಬೀದರ್ ನಗರ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ನಗರದ ಸುತ್ತ ಹಾಗೂ ಹುಮನಾಬಾದ್ ಕಡೆಗೆ ಕೆಂಪು ಜಂಬಿಟ್ಟಿಗೆಯ ದಪ್ಪ ಪದರವಿದೆ. ಮಳೆನೀರನ್ನು ಸ್ಪಂಜಿನಂತೆ ಹೀರುವ ಈ ಕಲ್ಲು, ಅಡಿಯಲ್ಲಿ ಜೇಡಿಮಣ್ಣಿನ ಪದರ ಸಿಕ್ಕಾಗ ಆ ನೀರನ್ನು ದಿಣ್ಣೆಯ ಅಂಚಿನಲ್ಲಿ ಒರತೆಯಾಗಿ ಹೊರಬಿಡುತ್ತದೆ. ನಾನಕ್ ಝೀರಾದ ಚಿಲುಮೆ ಇಂತಹ ಒರತೆಗೆ ನಿದರ್ಶನ. ಇದೇ ಗುಣವನ್ನು ಅರಿತು ಬಹಮನಿ ಕಾಲದಲ್ಲಿ ನೌಬಾದ್ ಬಳಿ ನೆಲದೊಳಗೆ ಕರೇಜ್, ಅಂದರೆ ಸುರಂಗ ಬಾವಿಗಳ ಸಾಲನ್ನು ಕೊರೆಯಲಾಯಿತು. ಎತ್ತರದಲ್ಲಿದ್ದ ರಾಜಧಾನಿಗೆ 15ನೇ ಶತಮಾನದಲ್ಲಿಯೇ ನೀರಿನ ದಾರಿ ಹುಡುಕಲಾಗಿತ್ತು.

ಮಾಂಜ್ರಾದ ಉತ್ತರಕ್ಕೆ ನೆಲದ ಸ್ವಭಾವ ಬದಲಾಗುತ್ತದೆ. ಔರಾದ್ ಸೀಮೆಯ ಗುಡ್ಡಗಳು ಬಹುಮಟ್ಟಿಗೆ ದಖನ್ನಿನ ಕರಿಕಲ್ಲಿನವು. ಈ ಕಲ್ಲಿನಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕಲ್ಲಿ ಬಾವಿ, ಸಿಗದಿದ್ದಲ್ಲಿ ಒಣ ಗುಂಡಿ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 800 ಮಿ.ಮೀ. ಮೀರುತ್ತದೆ. ಅಂಕಿಯನ್ನಷ್ಟೇ ನೋಡಿದರೆ ಇದು ಬರದ ಸೀಮೆಯಲ್ಲ. ಆದರೆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಗುಡ್ಡದ ಮೇಲಿನ ತೆಳು ಮಣ್ಣು ಅದನ್ನು ಹಿಡಿದಿಡಲಾರದು.

ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಕಟ್ಟಿರುವ ಕಾರಂಜಾ ಜಲಾಶಯದ ಸಾಮರ್ಥ್ಯ 7.69 ಟಿ.ಎಂ.ಸಿ. ಅಡಿ. ನಾಲೆಯ ನೀರು ತಗ್ಗಿನ ಕಪ್ಪು ಭೂಮಿಗೆ ಹರಿಯುತ್ತದೆಯೇ ಹೊರತು ಗುಡ್ಡ ಏರುವುದಿಲ್ಲ. ಮಾಂಜ್ರಾ ಕಣಿವೆ ಎಷ್ಟು ಬತ್ತಬಲ್ಲದು ಎಂಬುದನ್ನು 2016ರ ಏಪ್ರಿಲ್ ತಿಂಗಳು ತೋರಿಸಿತು. ಆಗ ನೆರೆಯ ಲಾತೂರ್ ನಗರಕ್ಕೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಯಿತು. ನಗರಕ್ಕಾದರೆ ರೈಲು ಬಂದಿತು. ಗುಡ್ಡದ ತಾಂಡಾಗಳಲ್ಲಿ ಬೇಸಿಗೆಯ ನೀರನ್ನು ಹೊತ್ತು ತರುವ ಕೆಲಸ ಇಂದಿಗೂ ಹೆಚ್ಚಾಗಿ ಹೆಂಗಸರ ಹಾಗೂ ಹೆಣ್ಣುಮಕ್ಕಳ ತಲೆಯ ಮೇಲಿದೆ.

ಗುಡ್ಡಕ್ಕೆ ಬಂದವರು ಯಾರು

ಲಂಬಾಣಿಗರು ಮೂಲತಃ ಎತ್ತುಗಳ ಮೇಲೆ ಧಾನ್ಯ ಮತ್ತು ಉಪ್ಪು ಹೇರಿಕೊಂಡು ದೇಶ ಸುತ್ತುತ್ತಿದ್ದ ಸಾಗಣೆಗಾರರು. 17ನೇ ಶತಮಾನದಲ್ಲಿ ಮೊಘಲ್ ಸೇನೆಗಳಿಗೆ ದವಸ ಪೂರೈಸುತ್ತ ಅವರ ಅನೇಕ ತಂಡಗಳು ದಖನ್ನಿಗೆ ಬಂದವು. 19ನೇ ಶತಮಾನದಲ್ಲಿ ರೈಲು ಮತ್ತು ಗಾಡಿರಸ್ತೆಗಳು ಬಂದ ಮೇಲೆ ಹೇರೆತ್ತಿನ ವ್ಯಾಪಾರ ಕುಸಿಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಅಲೆಮಾರಿಗಳನ್ನೇ ಸಂಶಯದಿಂದ ನೋಡುವ ಆಡಳಿತ ಪದ್ಧತಿಯನ್ನು ತಂದಿತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ.

ನೆಲೆ ನಿಲ್ಲಬೇಕಾಗಿ ಬಂದಾಗ ಫಲವತ್ತಾದ ನೆಲ ಅದಾಗಲೇ ಬೇರೆಯವರ ವಶದಲ್ಲಿತ್ತು. ಉಳಿದದ್ದು ಊರಾಚೆಯ ಗುಡ್ಡ, ಅರಣ್ಯದ ಅಂಚು, ದನ ಮೇಯುವ ಗಾಯರಾಣ, ಇಲ್ಲವೇ ಕೂಲಿಗೆ ಕರೆದ ಜಮೀನುದಾರನ ಹೊಲದ ಮೂಲೆ. ತಾಂಡಾ ಕಟ್ಟಿದ್ದು ಇಂತಹ ಸ್ಥಳಗಳಲ್ಲಿ. ಬೀದರ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಕಾಲದ ಕಂದಾಯ ದಾಖಲೆಗಳು ಉರ್ದುವಿನಲ್ಲಿದ್ದವು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು, 1949ರಲ್ಲಿ ಜಾಗೀರುಗಳು ರದ್ದಾದವು, 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತ ಮೂರು ಬಾರಿ ಮಗ್ಗುಲು ಬದಲಿಸಿದರೂ ಹೊಲವೆಂದು ಬರೆದಿದ್ದ ಜಾಗ ಪಹಣಿಯಲ್ಲಿ ಹೊಲವಾಗಿಯೇ ಮುಂದುವರಿಯಿತು. ಮೂರು ತಲೆಮಾರಿನಿಂದ ಮನೆಗಳಿರುವ ಜಾಗಕ್ಕೂ ಇದರಿಂದ ವಿನಾಯಿತಿ ಇರಲಿಲ್ಲ.

ದಾಖಲೆ ಇಲ್ಲದಿದ್ದರೆ ಆಗುವುದೇನು

ಕಂದಾಯ ಗ್ರಾಮವೆಂದರೆ ತನ್ನದೇ ಗಡಿ, ನಕ್ಷೆ ಮತ್ತು ಗ್ರಾಮಠಾಣಾ ಇರುವ ಊರು. ಗ್ರಾಮಠಾಣಾ ಎಂದರೆ ಮನೆಗಳಿಗಾಗಿ ಗುರುತಿಸಿದ ಜಾಗ. ಇದು ಇಲ್ಲದ ಕಡೆ ಮನೆಯು ಕಾನೂನಿನ ಕಣ್ಣಿಗೆ ಬೇರೆಯವರ ಹೊಲದಲ್ಲಿ ಅಥವಾ ಸರ್ಕಾರಿ ಜಾಗದಲ್ಲಿ ಎದ್ದು ನಿಂತ ಕಟ್ಟಡವಷ್ಟೆ. ಅದಕ್ಕೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಸಿಗುವುದಿಲ್ಲ. ಆ ಪತ್ರವಿಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ, ನೋಂದಣಿ ಕಚೇರಿ ಮಾರಾಟವನ್ನು ದಾಖಲಿಸುವುದಿಲ್ಲ. ನಿವೇಶನದ ಪತ್ರ ಕೇಳುವ ವಸತಿ ಯೋಜನೆಗಳಿಗೆ ಅರ್ಜಿ ಹಾಕುವುದೂ ಕಷ್ಟ. ತಂದೆ ತೀರಿಕೊಂಡರೆ ಮಕ್ಕಳ ಹೆಸರಿಗೆ ವರ್ಗಾಯಿಸಲು ಏನೂ ಇರುವುದಿಲ್ಲ. ಜಮೀನಿನ ಮಾಲೀಕ ಬದಲಾದಾಗಲೆಲ್ಲ ಇಡೀ ತಾಂಡಾಕ್ಕೆ ಎಬ್ಬಿಸುವ ಭಯ ಹೊಸದಾಗಿ ಆರಂಭವಾಗುತ್ತದೆ.

ವಿದ್ಯುತ್ ಕಂಬ, ಕೊಳವೆಬಾವಿ, ಅಂಗನವಾಡಿ ಮುಂತಾದವು ದಾಖಲೆಗೆ ಮೊದಲೇ ಹಲವು ತಾಂಡಾಗಳನ್ನು ತಲುಪಿದ್ದುಂಟು. ಆದರೆ ಅವು ಬಂದದ್ದು ಯಾರೋ ಒಬ್ಬ ಜನಪ್ರತಿನಿಧಿಯ ಆಸಕ್ತಿಯಿಂದ ಅಥವಾ ಮುಖ್ಯ ಗ್ರಾಮದ ಪಾಲಿನಿಂದ. ಸ್ಮಶಾನಕ್ಕೆ, ಶಾಲೆಗೆ, ರಸ್ತೆಗೆ ಜಾಗ ಬೇಕೆಂದಾಗ ಮತ್ತೆ ಅದೇ ಪ್ರಶ್ನೆ ಎದುರಾಗುತ್ತಿತ್ತು: ಈ ಊರಿನ ಹೆಸರಿನಲ್ಲಿ ಜಾಗ ಎಲ್ಲಿದೆ?

ಹಿಂದುಳಿದಿರುವಿಕೆಯನ್ನು ಅಳೆಯುವ ಲೆಕ್ಕದಲ್ಲಿಯೂ ತಾಂಡಾ ಕಾಣಿಸುವುದಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಅದರಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗಕ್ಕೆ ಸೇರಿದ್ದವು. ಪ್ರಾದೇಶಿಕ ಅಸಮಾನತೆಯ ಚರ್ಚೆಗೆ ಆ ವರದಿ ಗಟ್ಟಿ ನೆಲೆಯೊದಗಿಸಿತು. ಆದರೆ ಅದರ ಅಳತೆಗೋಲು ತಾಲ್ಲೂಕು. ತಾಲ್ಲೂಕಿನ ಸರಾಸರಿಯೊಳಗೆ ತಗ್ಗಿನ ಕಬ್ಬಿನ ಊರು ಮತ್ತು ಗುಡ್ಡದ ಮೇಲಿನ ತಾಂಡಾ ಒಂದೇ ಅಂಕಿಯಾಗಿ ಬೆರೆತುಹೋಗುತ್ತವೆ.

ಕಾನೂನು ಬದಲಾದದ್ದು

ತಾಂಡಾಗಳ ಮೂಲಸೌಕರ್ಯಕ್ಕಾಗಿ 2009ರಲ್ಲಿ ಕರ್ನಾಟಕ ತಾಂಡಾ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಲಾಯಿತು. ಹಕ್ಕಿನ ಪ್ರಶ್ನೆಗೆ ಉತ್ತರ ಬಂದದ್ದು ಭೂಸುಧಾರಣಾ ಕಾಯ್ದೆಗೆ 38ಎ ಎಂಬ ಹೊಸ ಕಲಮು ಸೇರಿಸಿದ, 2017ರಲ್ಲಿ ಕಾನೂನಾದ ತಿದ್ದುಪಡಿಯಿಂದ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಕುರುಬರಹಟ್ಟಿ, ಹಾಡಿ, ದೊಡ್ಡಿ, ಕ್ಯಾಂಪು ಮುಂತಾದ ದಾಖಲೆರಹಿತ ಜನವಸತಿಗಳಲ್ಲಿ ಖಾಸಗಿ ಜಮೀನಿನ ಮೇಲೆ ಮನೆ ಕಟ್ಟಿಕೊಂಡವರಿಗೆ ಆ ಮನೆಯ ಒಡೆತನ ನೀಡಲು ಇದು ಅವಕಾಶ ಕಲ್ಪಿಸಿತು. ಸರ್ಕಾರಿ ಜಮೀನಿನಲ್ಲಿರುವ ಇಂತಹ ಮನೆಗಳಿಗೆ ಭೂಕಂದಾಯ ಕಾಯ್ದೆಯ 94ಡಿ ಕಲಮು ಅನ್ವಯಿಸುತ್ತದೆ.

ಕ್ರಮ ಹೀಗಿದೆ. ತಹಶೀಲ್ದಾರರ ಪ್ರಸ್ತಾವದ ಮೇಲೆ ಜನವಸತಿಯನ್ನು ಕಂದಾಯ ಗ್ರಾಮವೆಂದು ಘೋಷಿಸುವ ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ. ಆಕ್ಷೇಪಣೆಗಳ ನಂತರ ಅಂತಿಮ ಅಧಿಸೂಚನೆ. ಬಳಿಕ ಅಳತೆ, ನಕ್ಷೆ, ಮನೆವಾರು ಪಟ್ಟಿ, ಹಕ್ಕುಪತ್ರ. ಕೊನೆಗೆ ಪಂಚಾಯಿತಿಯಲ್ಲಿ ಖಾತೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಪತ್ರ ಕೈಗೆ ಬಂದವನಿಗೆ ಸಾಲ ಸಿಗದು.

2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಿದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ಜನವಸತಿಗಳು ಆಗ ಹೊಸ ಕಂದಾಯ ಗ್ರಾಮಗಳೆನಿಸಿದವು. 2025ರ ಮೇ 20ರಂದು ಹೊಸಪೇಟೆಯಲ್ಲಿ ನಡೆದ ರಾಜ್ಯ ಸರ್ಕಾರದ ಸಮಾವೇಶದಲ್ಲಿ 1,11,111 ಹಕ್ಕುಪತ್ರಗಳನ್ನು ನೀಡಲಾಯಿತು. ಎರಡು ಬೇರೆ ಪಕ್ಷಗಳ ಸರ್ಕಾರಗಳು ಇದೇ ಕೆಲಸವನ್ನು ತಮ್ಮ ಸಾಧನೆಯೆಂದು ಹೇಳಿಕೊಂಡಿರುವುದು ಬೇಡಿಕೆಯ ತೂಕವನ್ನು ತೋರಿಸುತ್ತದೆ.

ಗಡಿ ದಾಟಿದರೆ ಬೇರೆ ಪಟ್ಟಿ

ಈ ವ್ಯವಸ್ಥೆಯ ಹೊರಗೆ ಉಳಿಯುವವರು ಅರಣ್ಯ ಜಮೀನಿನ ಮೇಲಿರುವವರು. ಅವರಿಗೆ ಅನ್ವಯಿಸುವುದು 2006ರ ಅರಣ್ಯ ಹಕ್ಕು ಕಾಯ್ದೆ. ಅದರ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಜಾಗದಲ್ಲಿ ಇದ್ದರೆಂದು ತೋರಿಸಿದರೆ ಸಾಕು. ಇತರರು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು.

ಇಲ್ಲಿ ಗಡಿಯ ತೊಡಕು ಎದುರಾಗುತ್ತದೆ. ಲಂಬಾಣಿಗರು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. 1956ರವರೆಗೆ ಒಂದೇ ಹೈದರಾಬಾದ್ ಆಡಳಿತದಲ್ಲಿದ್ದ, ಇಂದಿಗೂ ಹೆಣ್ಣು ಕೊಟ್ಟು ತರುವ ಬಂಧುಗಳು ಮೂರು ರಾಜ್ಯಗಳಲ್ಲಿ ಮೂರು ಪಟ್ಟಿಗಳಿಗೆ ಸೇರಿದ್ದಾರೆ. ಔರಾದ್ ಕಡೆಯ ಅರಣ್ಯದಂಚಿನ ಕುಟುಂಬವು 75 ವರ್ಷಗಳ ಪುರಾವೆ ಹುಡುಕಬೇಕು. ತೆಲಂಗಾಣದಲ್ಲಿರುವ ನೆಂಟರಿಗೆ ಆ ಹೊರೆಯಿಲ್ಲ. ಅಲೆದಾಡುತ್ತಿದ್ದವರನ್ನು ಯಾವ ದಾಖಲೆಯೂ ಬರೆದುಕೊಳ್ಳದ ಕಾಲದ ಪುರಾವೆಯನ್ನು ಅವರಿಂದಲೇ ಕೇಳುವುದು ಈ ನಿಯಮದ ಕಠಿಣ ಭಾಗ.

ಪತ್ರ ಬಂದರೂ ನಿಲ್ಲದ ಗುಳೆ

ಹಕ್ಕುಪತ್ರ ಮನೆಗೆ ಸಿಗುತ್ತದೆ, ಹೊಲಕ್ಕಲ್ಲ. ಗುಡ್ಡದ ಮೇಲಿನ ಬೇಸಾಯ ಮಳೆಯಾಶ್ರಿತ. ಉದ್ದು, ಹೆಸರು, ಸೋಯಾ, ತೊಗರಿ, ಜೋಳ ಇಲ್ಲಿನ ಬೆಳೆಗಳು. ಒಂದು ಬೆಳೆ ಮುಗಿದರೆ ಊರಿನಲ್ಲಿ ಕೆಲಸವಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಗುಳೆ ಶುರುವಾಗುತ್ತದೆ. ಕೆಲವರು ಕಟ್ಟಡ ಕೆಲಸಕ್ಕೆ ಹೈದರಾಬಾದ್, ಪುಣೆ, ಮುಂಬೈಗೆ ಹೊರಟರೆ ಕೆಲವರು ಮಹಾರಾಷ್ಟ್ರದ ಕಬ್ಬು ಕಡಿಯಲು ಹೋಗುತ್ತಾರೆ. ಅಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು 'ಕೊಯ್ತಾ' ಎಂದು ಎಣಿಸುವ ಪದ್ಧತಿಯಿದೆ. ಮುಂಗಡ ಪಡೆದ ಮೇಲೆ ಅದು ತೀರುವವರೆಗೆ ದುಡಿಯಬೇಕು.

2006ರ ಫೆಬ್ರುವರಿಯಲ್ಲಿ ಉದ್ಯೋಗ ಖಾತರಿ ಯೋಜನೆ ಆರಂಭವಾದಾಗ ದೇಶದ ಮೊದಲ 200 ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದಾಗಿತ್ತು. ಬದು, ಕೃಷಿಹೊಂಡ, ಕೆರೆ ಹೂಳಿನ ಕೆಲಸ ಸಕಾಲಕ್ಕೆ ಸಿಕ್ಕ ಕಡೆ ಹೊರಡುವವರು ಕೆಲವು ವಾರ ತಡೆದದ್ದುಂಟು. ಆದರೆ ಒಟ್ಟಿಗೆ ಸಿಗುವ ಮುಂಗಡದ ಸೆಳೆತವನ್ನು ದಿನಗೂಲಿ ಗೆಲ್ಲುವುದು ಕಷ್ಟ.

ಗುಳೆಯ ಬೆಲೆ ತೆರುವವರು ಮಕ್ಕಳು. ಅಜ್ಜಿ ತಾತನ ಬಳಿ ಉಳಿದರೆ ಶಾಲೆ ಮುಂದುವರಿಯುತ್ತದೆ, ಜೊತೆಗೆ ಹೋದರೆ ಅರ್ಧ ವರ್ಷ ಕಳೆದುಹೋಗುತ್ತದೆ. ಮನೆಯಲ್ಲಿ ಗೋರ್‌ಬೋಲಿ, ಸಂತೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ದುಡಿಮೆಯ ನಗರದಲ್ಲಿ ಹಿಂದಿ, ಹೀಗೆ ನಾಲ್ಕು ಭಾಷೆಗಳ ನಡುವೆ ಮಗು ಓದು ಕಲಿಯಬೇಕು. ಭಾಷೆಗಳ ಈ ಇಕ್ಕಟ್ಟು ಈ ನೆಲಕ್ಕೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಜಿಲ್ಲೆಯ ಜನ ಇಂದಿಗೂ ನೆನೆಯುತ್ತಾರೆ. ತಾಂಡಾದ ಮಗುವಿಗೆ ಬೇಕಿರುವುದೂ ಮನೆಮಾತಿನಿಂದ ಕನ್ನಡಕ್ಕೆ ಕೈಹಿಡಿದು ದಾಟಿಸುವ ಶಿಕ್ಷಕರೇ.

ಇನ್ನು ಆಗಬೇಕಾದದ್ದು

2012ರಲ್ಲಿ ಸಂಸತ್ತು ಒಪ್ಪಿದ 371ಜೆ ವಿಧಿ ಈ ಭಾಗಕ್ಕೆ ಉದ್ಯೋಗ ಹಾಗೂ ಶಿಕ್ಷಣದಲ್ಲಿ ಮೀಸಲು ತಂದಿತು. 2018ರಲ್ಲಿ ಔರಾದ್‌ನಿಂದ ಬೇರ್ಪಟ್ಟು ಕಮಲನಗರ ತಾಲ್ಲೂಕು ಕಾರ್ಯಾರಂಭ ಮಾಡಿತು. ಇದರಿಂದ ಅಲ್ಲಿನ ಊರುಗಳಿಗೆ ತಹಶೀಲ್ದಾರ್ ಕಚೇರಿ ಹತ್ತಿರವಾಗಿದೆ. ಇಂತಹ ಅನುಕೂಲಗಳನ್ನು ಬಳಸಿಕೊಳ್ಳಲು ಮೊದಲು ವಾಸಸ್ಥಳದ ಪತ್ರ ಬೇಕು, ಪತ್ರಕ್ಕೆ ಊರಿನ ಹೆಸರು ಬೇಕು. ಆದ್ದರಿಂದಲೇ ಕಂದಾಯ ಗ್ರಾಮದ ಘೋಷಣೆ ಕೇವಲ ಕಡತದ ವಿಷಯವಲ್ಲ.

ಘೋಷಣೆಯಾದ ಪ್ರತಿ ತಾಂಡಾದಲ್ಲಿ ಅಳತೆ ಮುಗಿದಿದೆಯೇ, ಹಕ್ಕುಪತ್ರ ಪಡೆದವರ ಹೆಸರಿಗೆ ಖಾತೆ ಆಗಿದೆಯೇ, ಸ್ಮಶಾನ ಮತ್ತು ಶಾಲೆಗೆ ಜಾಗ ಗುರುತಾಗಿದೆಯೇ ಎಂಬ ಪರಿಶೀಲನೆ ಇನ್ನು ಮುಂದಿನ ಕೆಲಸ. ಹಂಚಿಕೆ ಶಿಬಿರಗಳು ನಡೆಯುವ ದಿನ ಗುಳೆ ಹೋದವರು ಊರಿನಲ್ಲಿ ಇರುವುದಿಲ್ಲ. ಹಬ್ಬಕ್ಕೆ ಅವರು ಮರಳಿದಾಗ ತಾಂಡಾದಲ್ಲಿಯೇ ಶಿಬಿರ ನಡೆಸಿದರೆ ಪಟ್ಟಿಯಿಂದ ಬಿಟ್ಟುಹೋಗುವ ಕುಟುಂಬಗಳ ಸಂಖ್ಯೆ ಕಡಿಮೆಯಾದೀತು. ನಕ್ಷೆಯಲ್ಲಿ ಹೆಸರು ಬಂದಿರುವ ಗುಡ್ಡದ ಊರುಗಳಿಗೆ ಇನ್ನು ಬೇಕಿರುವುದು ಬೇಸಿಗೆಯ ನೀರು ಮತ್ತು ಚಳಿಗಾಲದ ದುಡಿಮೆ.