ಎದುರಾಳಿಯ ಕಣ್ಣಿಗೆಂದೇ ಕೆತ್ತಿದ ಹಲಗೆ

ತೊಡೆಯ ಮೇಲೊಂದು ಹಲಗೆ. ಒಂದು ಕೈಯಲ್ಲಿ ತುದಿ ಮಸೆದ ಉದ್ದನೆಯ ಕಬ್ಬಿಣದ ಮೊಳೆ, ಇನ್ನೊಂದರಲ್ಲಿ ಮರದ ಕೊಡತಿ. ಏಟು ಜೋರಾಗಿ ಬೀಳುವುದಿಲ್ಲ, ಆದರೆ ಬಿಡುವೂ ಇಲ್ಲ. ಮೊಳೆಯ ತುದಿ ಒಂದು ಸುರುಳಿಯ ಬೆನ್ನು ಹಿಡಿದು ಹೊರಟು, ಒಳಗೊಳಗೇ ಬಾಗಿ, ಸುರುಳಿಯ ಹೊಟ್ಟೆಯಲ್ಲಿ ಹಕ್ಕಿಯ ತಲೆಯೊಂದನ್ನು ಎಬ್ಬಿಸಿ ನಿಲ್ಲುತ್ತದೆ. ಕೆತ್ತನೆಗಾರ ಚೂರುಗಳನ್ನು ಉಫ್ ಎಂದು ಊದಿ, ಹಲಗೆಯನ್ನು ಬೆಳಕಿಗೆ ಓರೆ ಹಿಡಿದು ನೋಡಿ, ಮತ್ತೆ ಕೊಡತಿ ಎತ್ತುತ್ತಾನೆ.

ಇದು ನಡೆಯುತ್ತಿದ್ದುದು ನ್ಯೂಗಿನಿಯ ಪೂರ್ವ ತುದಿಯಾಚೆಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್ಸ್ಕಿ 1915ರಿಂದ 1918ರ ನಡುವೆ ಎರಡು ಸಲ ಇಲ್ಲಿ ಬೀಡುಬಿಟ್ಟು, 1922ರ ತನ್ನ ಪುಸ್ತಕದಲ್ಲಿ ಈ ಕಸುಬನ್ನು ದಾಖಲಿಸಿದ. ಅಷ್ಟರಲ್ಲಾಗಲೇ ಕಲ್ಲಿನ ಬಾಚಿಯ ಕಾಲ ಮುಗಿದು, ವ್ಯಾಪಾರಿಗಳು ತಂದ ಮೊಳೆಯೇ ಉಳಿಯಾಗಿತ್ತು.

ಹಲಗೆ ಸೇರಬೇಕಾದ್ದು ‘ಮಸಾವ’ ಎಂಬ ಹಾಯಿದೋಣಿಗೆ. ಒಂದೇ ದಿಮ್ಮಿಯನ್ನು ಕೊರೆದು ಮಾಡಿದ ಒಡಲು, ಅಂಚಿಗೆ ಏರಿಸಿದ ಪಕ್ಕದ ಹಲಗೆಗಳು, ಮಗುಚದಂತೆ ಒಂದು ಬದಿಗೆ ಕಟ್ಟಿದ ತೇಲುಮರ, ಕೇದಗೆ ಜಾತಿಯ ಎಲೆ ಹೆಣೆದ ಹಾಯಿ. ತೇಲುಮರ ಸದಾ ಗಾಳಿಯ ಕಡೆಗೇ ಇರಬೇಕು. ಹಾಗಾಗಿ ದಿಕ್ಕು ಬದಲಿಸುವಾಗ ದೋಣಿಯನ್ನು ತಿರುಗಿಸುವುದಿಲ್ಲ. ಹಾಯಿಯನ್ನೇ ಈ ತುದಿಯಿಂದ ಆ ತುದಿಗೆ ಒಯ್ಯುತ್ತಾರೆ. ಹಿಂದೆ ಇದ್ದದ್ದು ಮುಂದಾಗುತ್ತದೆ. ಆದ್ದರಿಂದ ಅಲಂಕಾರವೂ ಎರಡು ತುದಿಗೂ ಬೇಕು.

ಒಂದೊಂದು ತುದಿಗೆ ಎರಡೆರಡು ಹಲಗೆ. ಅಡ್ಡಲಾಗಿ ನಿಂತು ಒಡಲಿನ ಬಾಯಿ ಮುಚ್ಚುವುದು ‘ಲಗಿಮ್’. ಇದಕ್ಕೆ ಎರಡು ರೆಕ್ಕೆ, ಒಂದಕ್ಕಿಂತ ಒಂದು ತುಸು ದೊಡ್ಡದು. ಅದರ ಮುಂದೆ ಉದ್ದುದ್ದಕ್ಕೆ ಚಾಚಿ ನೀರು ಸೀಳುವುದು ‘ತಬುಯ’. ಅಲೆಯ ನೀರು ಒಳಗೆ ನುಗ್ಗದಂತೆ ತಡೆಯುವ ಕೆಲಸಕ್ಕೆ ಎರಡು ಬೋಳು ಹಲಗೆ ಸಾಕಿತ್ತು. ಆದರೆ ಬೋಳು ಹಲಗೆ ಇಟ್ಟು ‘ಕುಲ’ಕ್ಕೆ ಹೊರಡುವವನಿಲ್ಲ.

‘ಕುಲ’ ಎಂದರೆ ದ್ವೀಪದಿಂದ ದ್ವೀಪಕ್ಕೆ ಸುತ್ತುವ ಕೊಡುಕೊಳ್ಳುವಿಕೆ. ಕೆಂಪು ಚಿಪ್ಪಿನ ಹಾರಗಳು ಗಡಿಯಾರದ ಮುಳ್ಳಿನ ದಿಕ್ಕಿಗೆ, ಬಿಳಿ ಚಿಪ್ಪಿನ ತೋಳಬಳೆಗಳು ಅದರ ವಿರುದ್ಧಕ್ಕೆ ಸಾಗುತ್ತಲೇ ಇರುತ್ತವೆ. ಯಾವುದೂ ಯಾರ ಬಳಿಯೂ ಶಾಶ್ವತವಾಗಿ ನಿಲ್ಲದು. ಹೆಸರಾಂತ ಹಾರವೊಂದನ್ನು ಕೆಲಕಾಲ ಇಟ್ಟುಕೊಂಡು ದಾಟಿಸಿದವನ ಹೆಸರೂ ಅದರ ಜೊತೆ ಊರೂರು ಸುತ್ತುತ್ತದೆ. ಇಲ್ಲಿ ಚೌಕಾಸಿ ಮಾಡುವಂತಿಲ್ಲ. ಏನು ಕೊಡಬೇಕು, ಯಾವಾಗ ಕೊಡಬೇಕು ಎನ್ನುವುದು ಆತಿಥೇಯನ ಮರ್ಜಿ. ಬಾಯಿಗೆ ಬೀಗ ಬಿದ್ದಾಗ ಕಣ್ಣಿನ ಮೂಲಕವೇ ಕೆಲಸ ಸಾಧಿಸಬೇಕು.

ಆ ಹೊಣೆ ‘ತೊಕಬಿತಮ್’ ಎನಿಸಿಕೊಂಡ ನುರಿತ ಕೆತ್ತನೆಗಾರನದು. ಗುರುವಿನ ಕೈಕೆಳಗೆ ಕಲಿತು, ಮಂತ್ರ ಪಡೆದು, ಚಿತ್ರವನ್ನು ಮನಸ್ಸಿನಲ್ಲಿ ಪೂರ್ತಿ ಮೂಡಿಸಿಕೊಂಡ ಮೇಲೆಯೇ ಅವನು ಮರ ಮುಟ್ಟುವುದು. ಸುರುಳಿಗಳ ನಡುವೆ ಕೊಕ್ಕರೆ ಇದೆ, ಹಿಡಿದ ಬೇಟೆ ಬಿಡದ ಮೀನುಗಿಡುಗ ಇದೆ, ಲಗಿಮ್‌ನ ನೆತ್ತಿಯಲ್ಲಿ ಪುಟ್ಟ ಮನುಷ್ಯಾಕೃತಿ ಇರುವುದೂ ಉಂಟು. ಆಮೇಲೆ ಬಣ್ಣ: ಬಿಳಿ, ಕೆಂಪು, ಕಪ್ಪು, ಈ ಮೂರೇ. ಬಿಳಿಗೆ ಹವಳ ಸುಟ್ಟ ಸುಣ್ಣ, ಅಲ್ಲಿ ಅಡಿಕೆಯ ಜೊತೆ ಬಾಯಿಗೂ ಹೋಗುವಂಥದ್ದು. ಕೆಂಪಿಗೆ ಕಾವಿಮಣ್ಣು, ಕಪ್ಪಿಗೆ ಇದ್ದಿಲು. ಕೆತ್ತಿದ ಗುಳಿಗೆ ಬಿಳಿ ತುಂಬಿ, ಉಬ್ಬಿಗೆ ಕೆಂಪು-ಕಪ್ಪು ಸವರಿದಾಗ ಗೆರೆಗಳು ಅಲುಗಾಡತೊಡಗುತ್ತವೆ. ಹಕ್ಕಿ ಯಾವುದು, ಅಲೆ ಯಾವುದು ಎಂದು ಕಣ್ಣು ತಡವರಿಸುತ್ತದೆ. ಕೊನೆಗೆ ಮೂತಿಯ ಸುತ್ತ ಬೆಳ್ಳನೆಯ ಕವಡೆಗಳ ಸಾಲು.

ಡೋಬು ದ್ವೀಪಕ್ಕೆ ಹೊರಟವರು ಗುರಿ ಮುಟ್ಟುವ ಮೊದಲು ಸರುಬ್ವೊಯ್ನ ಎಂಬ ಕಡಲತೀರದಲ್ಲಿ ಇಳಿಯುತ್ತಿದ್ದರು. ಮಿಂದು, ಮೈಗೆ ತೆಂಗಿನೆಣ್ಣೆ ಬಳಿದು, ಮುಖಕ್ಕೆ ಬಣ್ಣ ಬರೆದು, ಚೆಲುವಿನ ಮಂತ್ರ ಜಪಿಸಿ ಮತ್ತೆ ದೋಣಿ ಏರುತ್ತಿದ್ದರು. ದೋಣಿಗೆ ಆ ಶೃಂಗಾರ ಊರಲ್ಲೇ ಮುಗಿದಿತ್ತು. ದಡದಲ್ಲಿ ಕಾದವನಿಗೆ ಮನುಷ್ಯರ ಮುಖಕ್ಕಿಂತ ಮೊದಲು ಎದುರಾಗುವುದು ನೆತ್ತಿಯೆತ್ತಿ ಬರುವ ಈ ಹಲಗೆ. ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಜೆಲ್ 1992ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ಮನೋಯುದ್ಧದ ಆಯುಧ ಎಂದೇ ಕಂಡ. ಇಷ್ಟು ಚೆಂದ ಕೆತ್ತಿಸಬಲ್ಲವನ ಬೆನ್ನಿಗೆ ಎಂಥ ಮಂತ್ರಬಲವಿರಬೇಕು ಎಂದು ನೋಡಿದವನ ಎದೆ ಅಳುಕಬೇಕು. ಅಳುಕಿದವನ ಕೈ ಸಡಿಲವಾಗಬೇಕು.

ಈಗ ಆ ಕಡಲಲ್ಲಿ ಮೋಟಾರು ದೋಣಿಗಳು ಓಡಾಡುತ್ತವೆ. ಕಿತಾವ ದ್ವೀಪಕ್ಕೆ ಬರುವ ವಿಹಾರ ಹಡಗುಗಳ ಪ್ರವಾಸಿಗರಿಗೆ ಕೆತ್ತನೆ ಮಾರಾಟಕ್ಕಿದೆ. ಅಲೊಟಾವ್ ಪಟ್ಟಣದ ದೋಣಿ ಉತ್ಸವದಲ್ಲಿ ಹಾಯಿದೋಣಿಗಳು ಸಾಲುಗಟ್ಟುತ್ತವೆ. ಹಳೆಯ ಲಗಿಮ್‌ಗಳು ಯುರೋಪಿನ ಸಂಗ್ರಹಾಲಯಗಳಲ್ಲಿವೆ. ಅಲ್ಲಿ ಅವುಗಳ ಮುಂದೆ ನಿಂತವರು ‘ಎಷ್ಟು ಚೆಂದ’ ಎಂದು ಮೆಚ್ಚಿ ಮುಂದೆ ಸಾಗುತ್ತಾರೆ. ಅವರು ಕಳೆದುಕೊಳ್ಳುವುದು ಏನೂ ಇಲ್ಲ. ಕೆತ್ತಿದವನಿಗೆ ಬೇಕಿದ್ದ ಮೆಚ್ಚುಗೆ ಬೇರೆ: ಬಚ್ಚಿಡಬೇಕೆಂದಿದ್ದ ಹಾರವನ್ನು ದಡದಲ್ಲಿ ನಿಂತವನು ತಾನಾಗಿ ಒಳಗಿನಿಂದ ತಂದು ಕೊಡಬೇಕು.