ಸೀಸದ ಕಡ್ಡಿಯಿಂದ ಸೀಸದ ಪರೀಕ್ಷೆ

ಪೆನ್ಸಿಲನ್ನು ನಮ್ಮ ಹಿರಿಯರು ಸೀಸದ ಕಡ್ಡಿಯೆಂದು ಕರೆದರು. ಅದರಲ್ಲಿ ಸೀಸವು ಎಳ್ಳಷ್ಟೂ ಇಲ್ಲ. ಇಂಗ್ಲೆಂಡಿನ ಬಾರೋಡೇಲ್ ಎಂಬಲ್ಲಿ ಹದಿನಾರನೆಯ ಶತಮಾನದಲ್ಲಿ ದೊರೆತ ಕಪ್ಪು ಖನಿಜವನ್ನು ಜನರು ಸೀಸದ ಒಂದು ಬಗೆಯೆಂದೇ ಭಾವಿಸಿದ್ದರು. ಅದು ಇದ್ದಿಲು, ವಜ್ರಗಳ ಕುಲಕ್ಕೆ ಸೇರಿದ ಇಂಗಾಲವೆಂಬುದನ್ನು ಸ್ವೀಡನ್ನಿನ ರಸಾಯನಜ್ಞ ಷೀಲೆ 1779ರಲ್ಲಿ ತೋರಿಸಿಕೊಟ್ಟನು. ಆದರೂ ಹಳೆಯ ಹೆಸರು ಅಳಿಯಲಿಲ್ಲ. ವಿನೋದವೆಂದರೆ, ಸೀಸವಿಲ್ಲದ ಈ ಕಡ್ಡಿಯೇ ನಿಜವಾದ ಸೀಸದ ಗಡಸುತನವನ್ನು ಪರೀಕ್ಷಿಸಲು ಒಳ್ಳೆಯ ಸಾಧನವಾಗಿದೆ.

ಸೀಸದ ಗಡಸುತನವನ್ನು ತಿಳಿಯಬೇಕಾದ ಅಗತ್ಯ ಯಾರಿಗುಂಟು? ಇಬ್ಬರಿಗೆ: ಗುಂಡು ಎರೆಯುವವನಿಗೆ ಮತ್ತು ಅಚ್ಚಿನ ಮೊಳೆ ಎರೆಯುವವನಿಗೆ. ಬೆಂಗಳೂರಿನ ಚಾಮರಾಜಪೇಟೆಯ ಆಸುಪಾಸಿನಲ್ಲಿ ಈ ಇಬ್ಬರ ನೆನಪೂ ಉಳಿದಿದೆ. ಪೇಟೆಯ ಪಕ್ಕದಲ್ಲಿಯೇ ಹಳೆಯ ಕೋಟೆಯ ಉಳಿದ ಭಾಗವು ನಿಂತಿದೆ. 1791ರ ಮಾರ್ಚಿ 21ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯವು ಟಿಪ್ಪು ಸುಲ್ತಾನನ ಈ ಕೋಟೆಯನ್ನು ಹಿಡಿಯಿತು. ಅಂದಿನ ಇಂಗ್ಲಿಷ್ ಸಿಪಾಯಿಯ ಬಂದೂಕಿನ ಗುಂಡು ಸೀಸದ್ದು; ಒಂದು ಪೌಂಡು ಸೀಸಕ್ಕೆ ಸುಮಾರು ಹದಿನಾಲ್ಕು ಗುಂಡುಗಳು. ಆ ಬಂದೂಕಿನ ನಳಿಗೆಯ ಒಳಮೈ ನುಣುಪಾಗಿದ್ದು, ಗುಂಡು ಅದರಲ್ಲಿ ಸಡಿಲವಾಗಿ ಇಳಿಯುತ್ತಿತ್ತು. ಆದುದರಿಂದ ಮೆತ್ತನೆಯ ಸೀಸವೇ ಸಾಕಾಗಿತ್ತು. ಮುಂದೆ ನಳಿಗೆಯೊಳಗೆ ತಿರುಪಿನಂತೆ ಗಾಡಿಗಳನ್ನು ಕೊರೆದ ರೈಫಲು ಬಂದಾಗ ಪ್ರಶ್ನೆ ಎದ್ದಿತು. ಸೀಸವು ತೀರ ಮೆದುವಾದರೆ ಗುಂಡಿನ ಮೈ ಸವೆದು ನಳಿಗೆಗೆ ಮೆತ್ತಿಕೊಳ್ಳುವುದು. ತೀರ ಗಡಸಾದರೆ ಗುಂಡು ಹಿಗ್ಗಿ ಗಾಡಿಗಳನ್ನು ತುಂಬದೆ, ಪಕ್ಕದಿಂದ ಬಿಸಿ ಅನಿಲ ನುಸುಳುವುದು. ಎರಡರಿಂದಲೂ ಗುರಿ ಕೆಡುತ್ತದೆ.

ಚಾಮರಾಜಪೇಟೆಯ ಇನ್ನೊಂದು ಸೀಸವು ಕೊಲ್ಲುವ ಸೀಸವಲ್ಲ, ಓದಿಸುವ ಸೀಸ. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರ ಇಲ್ಲಿದೆ. ತನ್ನ ಅಚ್ಚುಕೂಟಕ್ಕೆ ಅದು ಬಿ.ಎಂ.ಶ್ರೀ. ಅವರ ಹೆಸರನ್ನಿಟ್ಟಿತು. ಬೆಂಗಳೂರಿಗೆ ಕನ್ನಡ ಅಚ್ಚಿನ ವಿದ್ಯೆ ಅದಕ್ಕೂ ಬಹಳ ಮೊದಲೇ ಬಂದಿತ್ತು. ರೀವ್ ಪಾದ್ರಿಯ ಕನ್ನಡ-ಇಂಗ್ಲಿಷ್ ನಿಘಂಟನ್ನು ಸ್ಯಾಂಡರ್ಸನ್ನನು ಪರಿಷ್ಕರಿಸಿ 1858ರಲ್ಲಿ ಇಲ್ಲಿನ ವೆಸ್ಲಿಯನ್ ಮಿಷನ್ ಅಚ್ಚುಕೂಟದಲ್ಲಿ ಮುದ್ರಿಸಿದನು. ಆಫ್‌ಸೆಟ್ಟೂ ಗಣಕಯಂತ್ರವೂ ಬರುವ ತನಕ ಕನ್ನಡದ ಪುಸ್ತಕಗಳೆಲ್ಲ ಹೆಚ್ಚಾಗಿ ಒಂದೊಂದೇ ಮೊಳೆಯನ್ನು ಕೈಯಿಂದ ಜೋಡಿಸಿ ಮಾಡಿದವೇ. ಕನ್ನಡದ ಮೊಳೆಗೆ ಒಂದು ವಿಶೇಷ ಕಷ್ಟವುಂಟು. ಕೊಂಬು, ದೀರ್ಘ, ಒತ್ತಕ್ಷರಗಳ ಸಣ್ಣ ಗೆರೆಗಳು ಮೆದು ಲೋಹದಲ್ಲಾದರೆ ಯಂತ್ರದ ಒತ್ತಡಕ್ಕೆ ಬೇಗನೆ ಚಪ್ಪಟೆಯಾಗುವುವು. ಅತಿ ಗಡಸಾದ ಲೋಹದಲ್ಲಾದರೆ ಮುರಿದು ಬೀಳುವುವು. ಒತ್ತು ಮುರಿದ ಪುಟವನ್ನು ಓದಿ ತಲೆ ಕೆಡಿಸಿಕೊಂಡವರು ಹಳೆಯ ವಾಚಕರಲ್ಲಿ ಅನೇಕರಿರಬೇಕು.

ಇಬ್ಬರ ತೊಡಕಿಗೂ ಪರಿಹಾರ ಒಂದೇ: ಸೀಸಕ್ಕೆ ಆಂಟಿಮನಿ ಮತ್ತು ತವರವನ್ನು ಬೆರೆಸುವುದು. ಲೈನೊಟೈಪ್ ಯಂತ್ರದ ಲೋಹದಲ್ಲಿ ನೂರಕ್ಕೆ ಸುಮಾರು 84 ಭಾಗ ಸೀಸ, 12 ಭಾಗ ಆಂಟಿಮನಿ, 4 ಭಾಗ ತವರ. ಶುದ್ಧ ಸೀಸವು 327 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿದರೆ, ಆಂಟಿಮನಿಗೆ 631 ಡಿಗ್ರಿ ಬೇಕು. ಆದರೂ ಈ ಮಿಶ್ರಣ ಸುಮಾರು 240 ಡಿಗ್ರಿಯಲ್ಲಿಯೇ ಕರಗಿ ನೀರಿನಂತೆ ಹರಿದು ಅಚ್ಚಿನ ಮೂಲೆ ಮೂಲೆಯನ್ನೂ ತುಂಬುತ್ತದೆ. ಆರಿದಾಗ ಬಹಳ ಸ್ವಲ್ಪ ಮಾತ್ರ ಕುಗ್ಗುತ್ತದೆ.

ಸೀಸ ಇಷ್ಟು ಮೆದುವಾಗಿರುವುದೇಕೆ? ತಾಮ್ರದ ತಂತಿಯನ್ನು ಹತ್ತಾರು ಸಲ ಬಗ್ಗಿಸಿರಿ, ಅದು ಬಿರುಸಾಗುವುದು. ಸೀಸದ ತಂತಿ ಹಾಗಾಗದು. ನಿರಪೇಕ್ಷ ಶೂನ್ಯದಿಂದ ಎಣಿಸಿದರೆ ಸೀಸವು ಕರಗುವ ಉಷ್ಣತೆ 600 ಕೆಲ್ವಿನ್. ನಮ್ಮ ಕೋಣೆಯ ಉಷ್ಣತೆ 300 ಕೆಲ್ವಿನ್, ಎಂದರೆ ಸರಿಯಾಗಿ ಅರ್ಧ. ಕಬ್ಬಿಣವು ಇದೇ ಅರ್ಧದ ಸ್ಥಿತಿಗೆ ಬರಬೇಕಾದರೆ 600 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾದು ಕೆಂಪಾಗಬೇಕು. ಆದುದರಿಂದ ಮಲ್ಲೇಶ್ವರದ ಮನೆಯೊಂದರ ಮೇಜಿನ ಮೇಲೆ ತಣ್ಣಗೆ ಕುಳಿತ ಸೀಸವು ಕುಲುಮೆಯ ಕೆಂಪು ಕಬ್ಬಿಣದ ಸ್ಥಿತಿಯಲ್ಲಿದೆಯೆಂದರೆ ತಪ್ಪಾಗದು. ಬಗ್ಗಿಸಿದಾಗ ಕೆಟ್ಟ ಹರಳುಗಳು ಅಲ್ಲಿಯೇ ಹೊಸದಾಗಿ ಕಟ್ಟಿಕೊಳ್ಳುತ್ತವೆ. ಆಂಟಿಮನಿಯ ಗಟ್ಟಿ ಹರಳುಗಳು ನಡುನಡುವೆ ಸೇರಿದಾಗ ಸೀಸದ ಪದರಗಳು ಜಾರಲು ಅಡ್ಡಿಯಾಗುತ್ತದೆ. ಅದೇ ಗಡಸುತನ.

ಈಗ ಪರೀಕ್ಷೆಗೆ ಬರೋಣ. ಚಿತ್ರಕಾರರ ಪೆನ್ಸಿಲುಗಳನ್ನು 6ಬಿಯಿಂದ 4ಎಚ್‌ವರೆಗೆ ಒಂದೇ ತಯಾರಕರದಾಗಿ ಕೊಳ್ಳಿರಿ. ಫ್ರಾನ್ಸಿನ ಕಾಂಟೆ 1795ರಲ್ಲಿ ಕಂಡುಹಿಡಿದ ಕ್ರಮದಂತೆ ಗ್ರಾಫೈಟಿಗೆ ಜೇಡಿಮಣ್ಣು ಬೆರೆಸಿ ಸುಟ್ಟು ಇವನ್ನು ಮಾಡುತ್ತಾರೆ. ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಡಸು. ಮರವನ್ನಷ್ಟೇ ಕೆತ್ತಿ ಕಡ್ಡಿಯ ತುದಿಯನ್ನು ಉಪ್ಪುಕಾಗದದ ಮೇಲೆ ಉಜ್ಜಿ ಚಪ್ಪಟೆ ಮಾಡಬೇಕು. ಮೊನೆ ಕೂಡದು. ಲೋಹದ ನಯವಾದ ಮುಖದ ಮೇಲೆ 45 ಡಿಗ್ರಿ ಓರೆಯಾಗಿ ಹಿಡಿದು ಮುಂದಕ್ಕೆ ತಳ್ಳಿರಿ. ಮೆತ್ತನೆಯ ಪೆನ್ಸಿಲು ಗೆರೆ ಬಿಟ್ಟು ಜಾರುವುದು; ಗಡಸಾದುದು ಲೋಹವನ್ನೇ ಕೆತ್ತುವುದು. ಜಾರುವಿಕೆ ನಿಂತು ಕೆತ್ತುವಿಕೆ ಮೊದಲಾಗುವ ಮೆಟ್ಟಿಲೇ ಆ ಲೋಹದ ಗುರುತು. ಶುದ್ಧ ಸೀಸವನ್ನು 6ಬಿ, 5ಬಿಗಳೇ ಕೆತ್ತಬಲ್ಲವು. ಮೊಳೆಯ ಲೋಹಕ್ಕೆ ಎಚ್‌ಬಿಯನ್ನು ದಾಟಿ ಎಚ್ ಗುಂಪಿಗೆ ಹೋಗಬೇಕಾಗುತ್ತದೆ. ತಯಾರಕರು ಬದಲಾದರೆ ಒಂದೆರಡು ಮೆಟ್ಟಿಲು ಹೆಚ್ಚುಕಡಿಮೆಯಾದೀತು.

ಅಂಕವೇ ಬೇಕೆನ್ನುವವರು ಸ್ವೀಡನ್ನಿನ ಎಂಜಿನಿಯರ್ ಬ್ರಿನೆಲ್ 1900ರಲ್ಲಿ ಪ್ರಕಟಿಸಿದ ವಿಧಾನವನ್ನು ಅನುಸರಿಸಬೇಕು. ಉಕ್ಕಿನ ಗುಂಡನ್ನು ಗೊತ್ತಾದ ಭಾರದಿಂದ ಲೋಹಕ್ಕೆ ಒತ್ತಿ ಕುಳಿಯ ಅಗಲವನ್ನು ಅಳೆಯುವುದೇ ಅದರ ಸಾರ. ಮನೆಯಲ್ಲಿ ಭಾರ ತಿಳಿಯದಿದ್ದರೂ ಚಿಂತೆಯಿಲ್ಲ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ದೊರೆಯುವ 10 ಮಿಲಿಮೀಟರಿನ ಬೇರಿಂಗ್ ಗುಂಡೊಂದನ್ನು ಶುದ್ಧ ಸೀಸದ ತುಂಡು, ಪರೀಕ್ಷೆಯ ತುಂಡು ಇವೆರಡರ ನಡುವೆ ಇಟ್ಟು ವೈಸಿನಲ್ಲಿ ಬಿಗಿಯಿರಿ. ಎರಡಕ್ಕೂ ಬೀಳುವ ಬಲ ಒಂದೇ. ಸೀಸದಲ್ಲಿ ಕುಳಿ 6 ಮಿಲಿಮೀಟರು, ಇನ್ನೊಂದರಲ್ಲಿ 3 ಆಯಿತೆನ್ನಿ. ಬ್ರಿನೆಲ್ಲನ ಲೆಕ್ಕದಲ್ಲಿ ಕುಳಿಯ ಮೈವಿಸ್ತಾರ ಸುಮಾರು 4.3 ಪಟ್ಟು ಕಡಿಮೆಯಾಯಿತು. ಗಡಸುತನ ಅಷ್ಟೇ ಪಟ್ಟು ಹೆಚ್ಚು. ಶುದ್ಧ ಸೀಸದ ಅಂಕವನ್ನು 5 ಎಂದಿಟ್ಟರೆ ನಮ್ಮ ತುಂಡಿನದು 22ರ ಹತ್ತಿರ, ಎಂದರೆ ಲೈನೊಟೈಪ್ ಲೋಹದ ಅಂಕ. ವೈಸನ್ನು ಪ್ರತಿಸಲವೂ ಅರ್ಧ ನಿಮಿಷ ಬಿಗಿಹಿಡಿಯುವುದು ಮುಖ್ಯ, ಏಕೆಂದರೆ ಒತ್ತಡದಲ್ಲಿ ಸೀಸವು ಜೇನಿನಂತೆ ಮೆಲ್ಲಗೆ ಸರಿಯುತ್ತಲೇ ಇರುತ್ತದೆ.

ಹಳೆಯ ಮೊಳೆಗಳು ಗುಜರಿಯಲ್ಲಿ ಸಿಕ್ಕರೆ ಹಾಗೆಯೇ ಪರೀಕ್ಷಿಸಿರಿ. ವಿದ್ಯಾರ್ಥಿಗಳು ಮನೆಯಲ್ಲಿ ಸೀಸವನ್ನು ಕರಗಿಸಲೇಬಾರದು. ಗುಂಡು ಎರೆಯುವುದಂತೂ 1959ರ ಆಯುಧ ಕಾನೂನಿಗೆ ಒಳಪಟ್ಟ ವಿಷಯ. ಆವಿಗಿಂತಲೂ ಕರಗಿದ ಸೀಸದ ಮೇಲೆ ಕಟ್ಟುವ ಕಿಟ್ಟದ ಪುಡಿ ಹೆಚ್ಚು ಅಪಾಯಕರ. ಕೈಯಿಂದ ಬಾಯಿಗೆ, ಬಾಯಿಂದ ರಕ್ತಕ್ಕೆ ಅದರ ದಾರಿ. 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿದಂತೆ ಹಲವು ನಗರಗಳ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಡೆಸಿಲೀಟರಿಗೆ 10 ಮೈಕ್ರೊಗ್ರಾಮಿಗೆ ಮೀರಿದ ಸೀಸ ಕಂಡುಬಂದಿತು. ಆಗ ಪೆಟ್ರೋಲಿನಲ್ಲಿಯೂ ಸೀಸವಿತ್ತು. 2000ದಲ್ಲಿ ಅದು ನಿಂತಿತು. ಮೊಳೆಯನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ತಿಂಡಿಗೆ ಕೈ ಹಾಕಬೇಡಿ.

ಕಾಲೇಜಿನ ಕಾರ್ಯಾಗಾರದಲ್ಲಿ ಅಧ್ಯಾಪಕರ ಎದುರಿನಲ್ಲಿ ಎರಕ ಹೊಯ್ಯುವ ಅವಕಾಶವಿದ್ದರೆ ಎರಡು ಸಂಗತಿಗಳನ್ನು ನೋಡಬಹುದು. ಒಂದೇ ಲೋಹವನ್ನು ಮತ್ತೆ ಮತ್ತೆ ಕರಗಿಸಿದರೆ ತವರವೂ ಆಂಟಿಮನಿಯೂ ಕಿಟ್ಟದೊಡನೆ ಕಳೆದುಹೋಗಿ ಪೆನ್ಸಿಲಿನ ಮೆಟ್ಟಿಲು ಇಳಿಯುತ್ತ ಬರುವುದು; ಅದಕ್ಕಾಗಿಯೇ ಅಚ್ಚುಕೂಟದವರು ಆಗಾಗ ಹೊಸ ಲೋಹ ಬೆರೆಸುತ್ತಿದ್ದರು. ಇನ್ನೊಂದು ಇನ್ನೂ ಸ್ವಾರಸ್ಯಕರ. ಆಂಟಿಮನಿ ಬೆರೆತ ಎರಕವು ಹೊಯ್ದ ದಿನಕ್ಕಿಂತ ಕೆಲವು ದಿನಗಳ ಬಳಿಕ ಹೆಚ್ಚು ಗಡಸಾಗಿರುತ್ತದೆ. ಆದುದರಿಂದ ಇಂದು ಎರೆದ ತುಂಡಿನ ಅಂಕವನ್ನು ಬರೆದಿಟ್ಟುಕೊಂಡು, ಅದೇ ತುಂಡನ್ನು ಮುಂದಿನ ವಾರ ಅದೇ ಪೆನ್ಸಿಲುಗಳಿಂದ ಮತ್ತೊಮ್ಮೆ ಪರೀಕ್ಷಿಸತಕ್ಕದ್ದು.